ಅದು ಬರೀ ಹಳೇ ಗೋಡೆ ಅಲ್ಲ

ನಂದಿ ಬೆಟ್ಟದಿಂದ ಇಳಿದು ಬಂದಾಗಿಂದ ತಲೆ ಬಿಸಿಯಾಗಿದೆ. ಸ್ನಾನ ಆಯ್ತು, ತಿಂಡಿ ಆಯ್ತು, ಕೋಪ ಮಾತ್ರ ಇಳಿದಿಲ್ಲ. ಬರೆದರೆ ಇಳಿಯಬಹುದು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಹತ್ತೋದು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಿನಲ್ಲಿ ಅಂತ ನಿಮಗೆಲ್ಲ ಗೊತ್ತೇ ಇದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಇವತ್ತೂ ಹಾಗೇ ಹತ್ತಿ, ಕೋಟೆಯೊಳಗೆ ಬಂದು, ಬೆವರು ಒರೆಸಿಕೊಂಡು ಗೋಡೆಗೆ ಒರಗಿ ನಿಂತಿದ್ದೆ. ದಸರಾ ರಜೆ ಅಲ್ವಾ, ಮೇಲೆ ಜನವೋ ಜನ. ಪಕ್ಕದಲ್ಲಿ ಒಬ್ಬ ಹುಡುಗ, ಏಳೆಂಟು ವರ್ಷ ಇರಬಹುದು. ಗೋಡೆಯ ಕಿಂಡಿಗೆ ಮುಖ ಇಟ್ಟು ನೋಡುತ್ತಿದ್ದ. ಆ ಕಿಂಡಿಯಿಂದ ಮಂಜು ಒಲೆ ಹೊಗೆಯ ಹಾಗೆ ಒಳಗೆ ಬರುತ್ತಿತ್ತು. ಅವನು ಕೆನ್ನೆ ಉಬ್ಬಿಸಿ ಅದನ್ನು ಊದಿ ಆಚೆ ಕಳಿಸುತ್ತಿದ್ದ. ಆಮೇಲೆ ಕೈ ಒಳಗೆ ತೂರಿಸಿ, ತಿರುಗಿ ಕೇಳಿದ: "ಅಪ್ಪಾ, ಈ ತೂತು ಯಾಕೆ ಕೆಳಗಡೆ ಇಳಿಜಾರಾಗಿದೆ?"

ಎಂಥ ಪ್ರಶ್ನೆ! ಎಷ್ಟು ದೊಡ್ಡವರು ಆ ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡು ಹೋಗಿದ್ದಾರೆ. ಒಬ್ಬರೂ ಹೀಗೆ ಕೇಳಿದ್ದು ನಾನು ಕೇಳಿಲ್ಲ.

ಅಪ್ಪ ಫೋನಿಂದ ತಲೆ ಎತ್ತಲಿಲ್ಲ. "ಏನಿಲ್ಲ ಬಾರೋ. ಬರೀ ಹಳೇ ಗೋಡೆ. ಸನ್‌ರೈಸ್ ಹೋಗಿಬಿಡುತ್ತೆ, ವ್ಯೂ ಪಾಯಿಂಟ್ ಹತ್ರ ನಡಿ."

ಬರೀ ಹಳೇ ಗೋಡೆ.

ನಾನು ಜೋರು ಮಾಡಿದೆ. "ಏನ್ರೀ, ಮಗು ಕೇಳಿದ್ದಕ್ಕೆ ಹೀಗಾ ಉತ್ತರ ಕೊಡೋದು? ಇಲ್ಲಿ ಯುದ್ಧ ಆಗಿದೆ, ಜನ ಸತ್ತಿದ್ದಾರೆ" ಅಂದೆ. ನನ್ನ ದನಿ ಎಷ್ಟು ಏರಿತ್ತು ಅಂದರೆ ಅಕ್ಕಪಕ್ಕದವರು ತಿರುಗಿ ನೋಡಿದರು. ಆ ಮನುಷ್ಯನ ಮುಖ ಕಪ್ಪಿಟ್ಟಿತು. ಮಗನ ಕೈ ಹಿಡಿದು ಬಿರಬಿರನೆ ಹೊರಟುಬಿಟ್ಟ. ಹುಡುಗ ತಿರುಗಿ ತಿರುಗಿ ನೋಡುತ್ತಾ ಹೋದ. ಮಗನ ಎದುರು ಅಪ್ಪನನ್ನು ಗದರಿಸಬಾರದಿತ್ತು. ಅದು ತಪ್ಪೇ. ಅದಕ್ಕಿಂತ ಜಾಸ್ತಿ ಕೊರೆಯುತ್ತಿರೋದು ಇನ್ನೊಂದು. ಆ ಹುಡುಗನ ಪ್ರಶ್ನೆಗೆ ಕೊನೆಗೂ ಉತ್ತರ ಸಿಗಲಿಲ್ಲ. ಅವನಪ್ಪನೂ ಹೇಳಲಿಲ್ಲ, ಗೊತ್ತಿದ್ದ ನಾನೂ ಹೇಳಲಿಲ್ಲ.

ಮಗೂ, ಆ ಕಿಂಡಿ ಇಳಿಜಾರಾಗಿರೋದು ಯಾಕೆ ಅಂದರೆ, ಶತ್ರು ಬರೋದು ಕೆಳಗಿನಿಂದ. ಗೋಡೆ ಹಿಂದೆ ನಿಂತವನು ತಲೆ ಆಚೆ ಹಾಕದೆ, ಬಂದೂಕಿನ ಮೂತಿಯನ್ನು ಕೆಳಕ್ಕೆ ಗುರಿಯಿಡಬೇಕು. ನಿನ್ನ ಕೈ ಹೋಗಿತ್ತಲ್ಲ, ಅಲ್ಲಿ ಹಿಂದೆ ಬಂದೂಕು ಇರುತ್ತಿತ್ತು.

1791ರಲ್ಲಿ ಅದಕ್ಕೆ ಕೆಲಸ ಬಿತ್ತು. ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೇ ಯುದ್ಧ. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸತ್ತು ಬಿದ್ದವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹಿಂದಿರುಗಬೇಕಾಯ್ತು. ಹೊಟ್ಟೆಗೆ ದಾರಿ ಮಾಡಿಕೊಳ್ಳದೆ ಯುದ್ಧ ಗೆಲ್ಲಲ್ಲ ಅಂತ ಆಗ ಅವನಿಗೆ ಗೊತ್ತಾಯ್ತು. ಬೆಂಗಳೂರಿನಿಂದ ಉತ್ತರಕ್ಕೆ, ಇಂಗ್ಲಿಷರ ಜೊತೆಗಿದ್ದ ನಿಜಾಮನ ಸೀಮೆ ಕಡೆಗೆ ಹೋಗೋ ದಾರಿಗೆ ಅಡ್ಡ ಕೂತಿದ್ದದ್ದು ನಮ್ಮ ನಂದಿದುರ್ಗ. ಅದಕ್ಕೇ ಇಲ್ಲಿಗೆ ಬಂದರು.

ಮೂರೂ ಕಡೆ ಕಡಿದಾದ ಬಂಡೆ. ಹತ್ತೋಕೆ ಸ್ವಲ್ಪವಾದರೂ ಜಾಗ ಇದ್ದದ್ದು ಪಡುವಣ ಕಡೆ ಮಾತ್ರ. ಅಲ್ಲಿ ಎರಡು ಸುತ್ತು ಗೋಡೆ. ಮೇಜರ್ ಗೌಡಿ ಅನ್ನುವವನ ಪಡೆ ಸುಮಾರು ಮೂರು ವಾರ ಕೆಳಗೆ ಒದ್ದಾಡಿತು. ಫಿರಂಗಿ ಎಳೆಯೋಕೆ ಬೆಟ್ಟದ ಮೈಯಲ್ಲೇ ದಾರಿ ಕಡಿದರು, ಆನೆಗಳನ್ನು ಹಚ್ಚಿದರು. ಒಳಗೆ ಟಿಪ್ಪುವಿನ ಕಡೆಯ ಲುತ್ಫ್ ಅಲಿ ಬೇಗ್ ಕಾಯುತ್ತಿದ್ದ. ಅಕ್ಟೋಬರ್ 19ರ ಬೆಳಗಿನ ಜಾವ, ಬೆಳದಿಂಗಳಲ್ಲಿ, ಜನರಲ್ ಮೆಡೋಸ್ ಮುಂದೆ ನಿಂತು ಪಡೆಯನ್ನು ಹತ್ತಿಸಿದ. ಮೇಲಿದ್ದವರು ಗುಂಡು ಹಾರಿಸಿದರು, ಜೊತೆಗೆ ಬಂಡೆಗಳನ್ನು ಉರುಳಿಸಿದರು. ಆ ಇಳಿಜಾರಿನಲ್ಲಿ ಒಂದು ಕಲ್ಲು ಉರುಳಿದರೆ ಎಷ್ಟು ಜನರನ್ನು ಹೊಡೆದುಕೊಂಡು ಹೋಗುತ್ತೆ, ಯೋಚನೆ ಮಾಡಿ. ಬೆಳಕು ಹರಿಯೋ ಹೊತ್ತಿಗೆ ಕೋಟೆ ಬಿದ್ದಿತ್ತು. ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು, ಮುಂದಿನ ವರ್ಷದ ಫೆಬ್ರವರಿಗೆ ಯುದ್ಧ ಶ್ರೀರಂಗಪಟ್ಟಣಕ್ಕೇ ಹೋಯಿತು.

ನೀವು ಕಾರಲ್ಲಿ ನಿದ್ದೆಗಣ್ಣಲ್ಲಿ ಬರೋ ಅದೇ ಬೆಳಗಿನ ಜಾವ. ನೀವು ಸೂರ್ಯನಿಗೆ ಕಾಯೋ ಹೊತ್ತಲ್ಲಿ ಅವರು ಜೀವ ಕೈಯಲ್ಲಿ ಹಿಡಿದು ನಿಂತಿದ್ದರು. ಇದನ್ನ ‘ಬರೀ ಹಳೇ ಗೋಡೆ’ ಅಂದರೆ ಹೊಟ್ಟೆ ಉರಿಯಲ್ವಾ?

ಹಿಂದೆ ಇದೇ ಮಾತು ಬರೆದಾಗ ಕೆಲವರು ಕೇಳಿದ್ದರು. "ಟಿಪ್ಪು ಹೆಸರು ಎತ್ತಿದರೆ ಜಗಳ, ಯಾಕೆ ಸುಮ್ನೆ?" ಅಂತ. ಇನ್ನು ಕೆಲವರು, "ಸೋತ ಕೋಟೆ, ಅದರಲ್ಲಿ ಹೇಳಿಕೊಳ್ಳೋದು ಏನಿದೆ?" ಅಂತ. ನಾನು ಯಾರಿಗೂ ಜೈಕಾರ ಹಾಕುತ್ತಿಲ್ಲ. ಟಿಪ್ಪುವಿಗಿಂತ ಮುಂಚೆ ಹೈದರ್ ಇದ್ದ, ಅವನಿಗಿಂತ ಮುಂಚೆ ಚಿಕ್ಕಬಳ್ಳಾಪುರದ ಪಾಳೇಗಾರರು ಇದ್ದರು. ನಡುವೆ ಮರಾಠರೂ ಈ ಬೆಟ್ಟಕ್ಕೆ ಬಂದು ಹೋದರು. ಎಲ್ಲರ ಕಾಲದಲ್ಲೂ ಕಲ್ಲು ಹೊತ್ತವರು ಈ ಸುತ್ತಲಿನ ಜನ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಪಡೆಯಲ್ಲೂ ಮದರಾಸು ಕಡೆಯಿಂದ ಬಂದ ಸಿಪಾಯಿಗಳೇ ರಾಶಿ. ಒಳಗೂ ನಮ್ಮವರು, ಹೊರಗೂ ನಮ್ಮವರು. ಇದನ್ನು ಮಕ್ಕಳಿಗೆ ಹೇಳೋಕೆ ಯಾವ ಪಕ್ಷದ ಬಾವುಟವೂ ಬೇಕಾಗಿಲ್ಲ.

ಕಾರು ಬಿಟ್ಟು ಮೆಟ್ಟಿಲಲ್ಲಿ ಹತ್ತಿ ಬನ್ನಿ ಅಂದರೆ, "ಮಂಡಿ ನೋವಿರೋರು ಏನು ಮಾಡಬೇಕು, ಎಲ್ಲರೂ ಮೆಟ್ಟಿಲು ಹತ್ತಬೇಕಾ?" ಅಂತಲೂ ಕೇಳುತ್ತಾರೆ. ವಯಸ್ಸಾದವರು, ಬಸುರಿ ಹೆಂಗಸರು, ಸಣ್ಣ ಕೂಸಿರೋರು ರಸ್ತೆಯಲ್ಲೇ ಬರಲಿ. ನನ್ನಮ್ಮನನ್ನು ನಾನೂ ಕಾರಲ್ಲೇ ಕರೆದುಕೊಂಡು ಹೋಗಿದ್ದು. ನಾನು ಹೇಳುತ್ತಿರೋದು ಜಿಮ್‌ಗೆ ದುಡ್ಡು ಕಟ್ಟೋ ವಯಸ್ಸಿನವರಿಗೆ.

ಯಾಕೆಂದರೆ ರಸ್ತೆಯಲ್ಲಿ ಬಂದರೆ ನಂದಿ ಒಂದು ವ್ಯೂ ಪಾಯಿಂಟ್. ಮೆಟ್ಟಿಲಲ್ಲಿ ಬಂದರೆ ಅದು ದುರ್ಗ. ಅರ್ಧ ಹತ್ತೋ ಹೊತ್ತಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತೆ, ತೊಡೆ ನಡುಗುತ್ತೆ. ಆಗ ತಲೆ ಎತ್ತಿ ನೋಡಿ. ಮೇಲೆ ಗೋಡೆ ಇರುತ್ತೆ, ನೀವು ಅದಕ್ಕೆ ಪೂರ್ತಿ ಕಾಣಿಸುತ್ತಿರುತ್ತೀರಿ. ಕೋಟೆಯನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾರಿ ಪಕ್ಕದ ಬಂಡೆಗಳನ್ನೂ ನೋಡಿ. ಅಂಚಿನಲ್ಲಿ ಹೆಬ್ಬೆರಳು ಹಿಡಿಯುವಷ್ಟು ಗುಂಡಿಗಳು, ಸಾಲಾಗಿ, ಹಲ್ಲಿನ ಹಾಗೆ. ಬಂಡೆ ಸೀಳೋಕೆ ಉಳಿ ಇಟ್ಟು ಹೊಡೆದ ಗುರುತು. ಒಂದು ಕಡೆ ಆರು ಗುಂಡಿ ಹಾಕಿ ಬಂಡೆಯನ್ನು ಸೀಳದೆ ಹಾಗೇ ಬಿಟ್ಟಿದ್ದಾರೆ. ನಾನು ಪ್ರತಿ ಸಲ ಅಲ್ಲಿ ಕೂತು ಬೆರಳಿಟ್ಟು ನೋಡುತ್ತೇನೆ. ಯಾಕೆ ಬಿಟ್ಟ? ಊಟಕ್ಕೆ ಎದ್ದನಾ, ಜ್ವರ ಬಂತಾ, ಯುದ್ಧ ಬಂತಾ? ಇವತ್ತು ಅದರ ಒಂದು ಗುಂಡಿಯಲ್ಲಿ ಮಳೆ ನೀರು ನಿಂತಿತ್ತು, ಇರುವೆಗಳು ಸುತ್ತ ಕೂತು ಕುಡಿಯುತ್ತಿದ್ದವು.

ಆಮೇಲೆ ಆ ವ್ಯೂ. 1478 ಮೀಟರ್ ಎತ್ತರ. ಮಂಜು ಸರಿದಾಗ ಸ್ಕಂದಗಿರಿ, ಬ್ರಹ್ಮಗಿರಿ, ಚೆನ್ನಗಿರಿ ಒಂದೊಂದೇ ತಲೆ ಎತ್ತುತ್ತವೆ. ಕೆಳಗೆ ದ್ರಾಕ್ಷಿ ತೋಟದ ಚಪ್ಪರ, ಕೆರೆ, ದೇವನಹಳ್ಳಿ ಕಡೆಯ ಬಯಲು. ಚೆಂದ ಇದೆ, ನನಗೂ ಇಷ್ಟ. ಆದರೆ ಅದು ನಮ್ಮ ಸೆಲ್ಫಿಗೆ ಅಂತ ಇದ್ದದ್ದಲ್ಲ. ಆ ಅಂಚಿನಲ್ಲಿ ಚಳಿಗೆ ಕಂಬಳಿ ಹೊದ್ದು ರಾತ್ರಿಯಿಡೀ ಕಣ್ಣು ಬಿಟ್ಟು ಕೂತವರಿದ್ದರು. ದೂರದಲ್ಲಿ ಧೂಳು ಎದ್ದರೆ ಕೋಟೆಗೆ ಸುದ್ದಿ ಕೊಡೋದು ಅವರ ಕೆಲಸ. ಆ ನೋಟ ಅವರದ್ದು. ಇದನ್ನು ತಿಳಿದು ನೋಡಿದರೆ ಅದೇ ಬಯಲು ಬೇರೆ ಥರ ಕಾಣುತ್ತೆ.

ಆದರೆ ಜನಕ್ಕೆ ಗೊತ್ತಿರೋದು ಟಿಪ್ಪು ಡ್ರಾಪ್ ಒಂದೇ. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರಂತೆ ಅನ್ನೋ ಕಥೆ ಹೇಳಿಕೊಂಡು, ಕಂಬಿ ಹಿಡಿದು ಬಗ್ಗಿ, ಕೂಗಿ, ಹೊರಟುಬಿಡುತ್ತಾರೆ. ಹೋಗುವಾಗ ಗೋಡೆ ಮೇಲೆ ಹೆಸರು ಕೆತ್ತುತ್ತಾರೆ. ಇವತ್ತೂ ಒಬ್ಬ ಬೈಕಿನ ಕೀಲಿಯಲ್ಲಿ ಗಾರೆ ಕೆರೆಯುತ್ತಿದ್ದ. ಪುಡಿ ಉದುರಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ಇನ್ನೂರು ವರ್ಷದ ಮೇಲಿನ ಗಾರೆ. ಫಿರಂಗಿ ಗುಂಡು ತಿಂದ ಕೋಟೆ ಅದು, ಈಗ ಕೀಲಿಗೆ ಉದುರುತ್ತಿದೆ. ‘ಹಳೇ ಗೋಡೆ ತಾನೇ’ ಅಂತಲೇ ಅವನೂ ಅಂದುಕೊಂಡಿರುತ್ತಾನೆ. ಚಿಕ್ಕವನಿದ್ದಾಗ ಅವನೂ ಯಾವುದೋ ಕಿಂಡಿಗೆ ಮುಖ ಇಟ್ಟು ಪ್ರಶ್ನೆ ಕೇಳಿರಬಹುದು. ಅವನಿಗೂ ಯಾರೋ "ಏನಿಲ್ಲ ಬಾರೋ" ಅಂದಿರಬಹುದು.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಬರೋ ಭಾನುವಾರ ಬೆಳಿಗ್ಗೆ ಸುಲ್ತಾನ್‌ಪೇಟೆ ಮೆಟ್ಟಿಲ ಬುಡದಲ್ಲಿ ಇರುತ್ತೇನೆ. ಮಕ್ಕಳಿರೋರು ಕರೆದುಕೊಂಡು ಬನ್ನಿ. ನಿಧಾನವಾಗಿ ಹತ್ತೋಣ, ಕೇಳಿದ್ದಕ್ಕೆಲ್ಲ ಗೊತ್ತಿರೋಷ್ಟು ಹೇಳುತ್ತೇನೆ, ಯಾರ ಮೇಲೂ ಕೂಗಾಡಲ್ಲ. ಚಪ್ಪಲಿ ಬೇಡ, ಮೆಟ್ಟಿಲು ಪಾಚಿ ಕಟ್ಟಿದೆ, ಶೂ ಹಾಕಿಕೊಳ್ಳಿ. ನೀರು ತನ್ನಿ. ತಿಂಡಿಯನ್ನು ಡಬ್ಬಿಯಲ್ಲಿ ಹಾಕಿ ಬ್ಯಾಗೊಳಗೆ ಇಡಿ, ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡಲ್ಲ. ಇವತ್ತು ನೀಲಿ ಸ್ವೆಟರ್ ಹಾಕಿದ್ದ ಒಬ್ಬ ಹುಡುಗನನ್ನು ಬೆಟ್ಟಕ್ಕೆ ಕರೆದುಕೊಂಡು ಬಂದಿದ್ದ ಅಪ್ಪ ಯಾರಾದರೂ ಇದನ್ನ ಓದುತ್ತಿದ್ದರೆ, ಸಾರ್, ನಾನು ಹಾಗೆ ಮಾತಾಡಬಾರದಿತ್ತು. ನೀವೂ ಬನ್ನಿ. ಅವನನ್ನು ಕರೆದುಕೊಂಡು ಬನ್ನಿ.