ಎಲ್ಲಕ್ಕೂ ಹೂಂ ಎನ್ನುವ ಮನೆ

ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ದಕ್ಷಿಣಕ್ಕೆ ನಮ್ಮ ಬಡಾವಣೆ. ಸಂಜೆ ಹೊತ್ತು ಅಲ್ಲಿ ರಸ್ತೆಗಿಳಿದು ನಡೆಯುವವರು ಎರಡೇ ಬಗೆಯವರು. ಮಕ್ಕಳ ಮನೆಗೆಂದು ಭಾರತದಿಂದ ಬಂದು, ಮಾತಿಗೆ ಜನ ಸಿಗದೆ ಒಣಗುತ್ತಿರುವ ಅಪ್ಪಂದಿರು ಒಂದು ಬಗೆ. ಬಿಳಿ ಅಂಗಿ, ಟೈ ತೊಟ್ಟು, ಎದೆಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು, ಕೇಳಲು ಜನ ಸಿಗದೆ ಒಣಗುತ್ತಿರುವ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿ ಹುಡುಗರು ಇನ್ನೊಂದು ಬಗೆ. ಇವರು ಒಂದಲ್ಲ ಒಂದು ದಿನ ಎದುರಾಗಲೇಬೇಕಿತ್ತು.

ಪಂಚೆಯ ಮೇಲೆ ಸ್ವೆಟರ್, ತಲೆಗೆ ಮಂಕಿ ಕ್ಯಾಪ್ ಧರಿಸಿ ಹೊರಟಿದ್ದ ಅಪ್ಪನನ್ನು ಇಬ್ಬರು ಹುಡುಗರು ತಡೆದು "ಹೇಗಿದ್ದೀರಿ?" ಎಂದು ಕೇಳಿದರಂತೆ. ಅಮೆರಿಕದಲ್ಲಿ ಈ ಪ್ರಶ್ನೆಗೆ ಯಾರೂ ನಿಜವಾದ ಉತ್ತರ ಕೊಡುವುದಿಲ್ಲ. ಅಪ್ಪ ಕೊಟ್ಟರು. ಮೊಣಕಾಲು ನೋವಿನಿಂದ ಹಿಡಿದು ಬ್ಯಾಂಕ್ ಪಿಂಚಣಿಯ ಪರಿಷ್ಕರಣೆಯವರೆಗೆ ವಿವರವಾಗಿ ಕೊಟ್ಟರು. ಹುಡುಗರು ಪೂರ್ತಿ ಕೇಳಿಸಿಕೊಂಡರು. ಕತ್ತಲಾಗುವ ಹೊತ್ತಿಗೆ ಮೂವರೂ ನಮ್ಮ ಬಾಗಿಲಲ್ಲಿ ನಿಂತಿದ್ದರು.

ಬಾಗಿಲಿಗೆ ಬಂದವರ ಜಾತಿ, ಮತ, ಉದ್ದೇಶ ಯಾವುದನ್ನೂ ವಿಚಾರಿಸದೆ ಅಮ್ಮ ಮೊದಲು ಮಾಡುವ ಕೆಲಸ ಫಿಲ್ಟರ್ ಕಾಫಿ. ಡಿಕಾಕ್ಷನ್ ಘಮ ನಡುಮನೆಗೆ ಬರುತ್ತಲೇ ಹುಡುಗರಿಬ್ಬರ ಮುಖ ಬಿಳಿಚಿತು. 1833ರಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗೆ ಆಯಿತೆನ್ನಲಾದ ದೈವಾಜ್ಞೆಯಂತೆ ಹೆಂಡ, ಹೊಗೆಸೊಪ್ಪು, ಕಾಫಿ, ಚಹಾ ನಾಲ್ಕೂ ಅವರಿಗೆ ನಿಷಿದ್ಧ. ಮೊದಲೆರಡನ್ನು ಕೇಳಿ ಅಮ್ಮ ಮೆಚ್ಚಿ ತಲೆದೂಗಿದಳು. ಕೊನೆಯೆರಡನ್ನು ಕೇಳಿದಾಗ ಅವಳಿಗೆ ನಿಜಕ್ಕೂ ಅಳು ಬಂತು. "ಇಷ್ಟು ಸಣ್ಣ ಮಕ್ಕಳಿಗೆ ಇಂಥ ಶಿಕ್ಷೆಯೇ?" ಎಂದು ಒಳಗೆ ಹೋಗಿ, ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿದ ಕಷಾಯಕ್ಕೆ ಬೆಲ್ಲ ಹಾಕಿ ತಂದಳು. ಗಿಡಮೂಲಿಕೆಗೆ ಅಡ್ಡಿಯಿಲ್ಲವೆಂದು ಇಬ್ಬರೂ ಪಿಸುಮಾತಿನಲ್ಲಿ ಚರ್ಚಿಸಿ ತೀರ್ಮಾನಿಸಿದರು. ಎರಡನೇ ಲೋಟಕ್ಕೆ ಚರ್ಚೆ ನಡೆಯಲಿಲ್ಲ.

ಅಲ್ಲಿಂದ ಪಾಠ ಶುರುವಾಯಿತು. 1820, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ, ಮರಗಳ ತೋಪಿನಲ್ಲಿ ಪ್ರಾರ್ಥಿಸಲು ಹೋದ 14 ವರ್ಷದ ಹುಡುಗ ಜೋಸೆಫ್, ಬೆಳಕು, ದರ್ಶನ. ಅನಂತರ ಮೊರೋನಿ ಎಂಬ ದೇವದೂತ, ಗುಡ್ಡದಲ್ಲಿ ಹೂತಿದ್ದ ಚಿನ್ನದ ತಗಡುಗಳು, ಅವುಗಳಿಂದ ಮೂಡಿ 1830ರಲ್ಲಿ ಅಚ್ಚಾದ ಮಾರ್ಮನ್ ಗ್ರಂಥ. ಇಲ್ಲಿಗೆ ಬರುವಾಗ ಕೇಳುಗರು ಹುಬ್ಬು ಹಾರಿಸುತ್ತಾರೆಂದು ಹುಡುಗರಿಗೆ ಅಭ್ಯಾಸವಾಗಿತ್ತು. ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಹುತ್ತದೊಳಗೆ ದೇವರು ಸಿಕ್ಕಿದ ಕತೆಗಳು ನಮ್ಮ ತಾಲ್ಲೂಕಿನಲ್ಲೇ ಬೇಕಾದಷ್ಟಿವೆ. ಬಂಗಾರದ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದ ಅಪ್ಪನಿಗೆ ಮಾತ್ರ ಒಂದು ಸಂದೇಹ.

"ಆ ತಗಡುಗಳು ಈಗ ಎಲ್ಲಿವೆ?"

"ದೇವದೂತನಿಗೆ ಹಿಂದಿರುಗಿಸಲಾಯಿತು."

"ನೋಡಿದವರು ಯಾರಾದರೂ ಇದ್ದಾರೆಯೇ?"

"11 ಜನ ಸಾಕ್ಷಿ ಹೇಳಿದ್ದಾರೆ. ಗ್ರಂಥದಲ್ಲೇ ಅವರ ಹೆಸರುಗಳಿವೆ."

ಅಪ್ಪ ಸಮಾಧಾನದಿಂದ ಬೆನ್ನು ಒರಗಿಸಿದರು. "ನಮ್ಮಲ್ಲಿ ಇಬ್ಬರ ಸಹಿ ಸಾಕಾಗಿತ್ತು."

ಮುಂದಿನ ಸಲ ಹುಡುಗರು ಪ್ರೀತಿಯಿಂದ ಗ್ರಂಥದ ಭಾರತೀಯ ಆವೃತ್ತಿಯನ್ನು ತಂದರು. ಹಿಂದಿ. ಅದನ್ನು ಕಂಡು ಅಪ್ಪನ ಮುಖ ಗಂಟಿಕ್ಕಿತು. ಬ್ಯಾಂಕಿನ ಹಿಂದಿ ಪಖವಾಡಗಳಿಂದ ವರ್ಷವರ್ಷವೂ ನುಣುಚಿಕೊಂಡು ಬಂದಿದ್ದ ಮನುಷ್ಯ; ಯೂಟಾದಲ್ಲಿ ದೇವದೂತನ ಮೂಲಕ ಸಿಕ್ಕಿಬೀಳಲು ಸಿದ್ಧರಿರಲಿಲ್ಲ. ಇಂಗ್ಲಿಷ್ ಪ್ರತಿ ತರಿಸಿಕೊಂಡು, ಪೆನ್ಸಿಲ್ ಹಿಡಿದು, ಲೆಕ್ಕಪತ್ರ ತನಿಖೆಗೆ ಕುಳಿತವರ ಶಿಸ್ತಿನಲ್ಲಿ ಓದತೊಡಗಿದರು.

ಈ ಹುಡುಗರಿಗೆ ನಿಯಮಗಳು ಬಹಳ. ಇಬ್ಬರೂ ಸದಾ ಜೋಡಿಯಾಗಿಯೇ ಇರಬೇಕು. ಹೆಂಗಸೊಬ್ಬಳೇ ಇರುವ ಮನೆಯೊಳಗೆ ಕಾಲಿಡಬಾರದು. ಅಪ್ಪ ನನ್ನೊಡನೆ ಅಂಗಡಿಗೆ ಹೋಗಿದ್ದ ದಿನ ಬಂದವರು ಹೊರಗೇ ನಿಂತರು. ಮುಸ್ಸಂಜೆಯಲ್ಲಿ ಬಂದವರನ್ನು ಹೊಸ್ತಿಲಾಚೆ ನಿಲ್ಲಿಸುವುದು ಅಮ್ಮನಿಂದ ಆಗದ ಮಾತು. ಗ್ಯಾರೇಜಿನ ಮುಂದೆ ಎರಡು ಕುರ್ಚಿ ಹಾಕಿ, ಕಾಗದದ ತಟ್ಟೆಯಲ್ಲಿ ಅವಲಕ್ಕಿ ಒಗ್ಗರಣೆ ಬಡಿಸಿ, ತಾನು ಬಾಗಿಲೊಳಗೆ ನಿಂತು ಉಪಚರಿಸಿದಳು. ಎದುರು ಮನೆಯವರು, ಈ ಚರ್ಚಿನ ಸದಸ್ಯರೇ, ಮರುದಿನ ಬಿಸ್ಕತ್ತಿನ ಡಬ್ಬಿಯೊಂದಿಗೆ ಬಂದು, ಪರಧರ್ಮದವರನ್ನು ಮನೆಯೊಳಗೆ ಸೇರಿಸದ ನಿಮ್ಮ ಪದ್ಧತಿಯನ್ನು ನಾವು ಗೌರವಿಸುತ್ತೇವೆ ಎಂದು ನನಗೆ ಹೇಳಿ ಹೋದರು. ಅಜ್ಜಿಯ ಕಾಲದಲ್ಲೇ ಮಡಿ ಕೈಬಿಟ್ಟ ಮನೆ ನಮ್ಮದು. ಆ ಹುಡುಗರ ಮಡಿಗೆ ಅಮ್ಮ ಹೆಸರು ಕೆಡಿಸಿಕೊಂಡಳು.

ಊಟಕ್ಕೆ ಕರೆದದ್ದೂ ಎಡವಟ್ಟಾಯಿತು. ಹೋಳಿಗೆ ಮಾಡಿದ್ದು ತಿಂಗಳ ಮೊದಲ ಭಾನುವಾರ. ಅಂದು ಅವರಿಗೆ ಎರಡು ಹೊತ್ತಿನ ಉಪವಾಸ, ನೀರೂ ಇಲ್ಲ. ಉಳಿಸಿದ ಊಟದ ಹಣ ಬಡವರಿಗೆ. ಉಪ್ಪಿಟ್ಟು, ಹಣ್ಣು, ಹಾಲು ಎಂದು ಏಕಾದಶಿಯನ್ನು ಹಬ್ಬವಾಗಿಸಿಕೊಂಡಿರುವ ನಮ್ಮ ಮನೆಯವರು ತೆಪ್ಪಗಾದರು. ಆದಾಯದ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಎಂದಾಗ ಅಪ್ಪ ಕೇಳಿದ್ದು ಒಂದೇ: ತೆರಿಗೆ ಕಳೆಯುವ ಮೊದಲೋ, ಆಮೇಲೋ?

ಸತ್ತ ಹಿರಿಯರ ಹೆಸರಿನಲ್ಲಿ ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡಿಸುವ ಪದ್ಧತಿಯೂ ಇವರಲ್ಲಿದೆ. ಅದಕ್ಕೆಂದೇ ವಂಶಾವಳಿಯ ಹುಚ್ಚು. ಸಾಲ್ಟ್ ಲೇಕ್ ಸಿಟಿಯಲ್ಲಿ ಅದಕ್ಕೊಂದು ದೊಡ್ಡ ಗ್ರಂಥಾಲಯವೇ ಇದೆ. ಪೂರ್ವಜರ ಹೆಸರು ಗೊತ್ತೇ ಎಂದು ಕೇಳಿದ ಕೂಡಲೇ ಅಪ್ಪ ಗೋತ್ರ, ಪ್ರವರ, ತಂದೆ, ತಾತ, ಮುತ್ತಾತ ಎಲ್ಲವನ್ನೂ ತಿಥಿಯ ಸಂಕಲ್ಪದ ರಾಗದಲ್ಲಿ ಒಪ್ಪಿಸಿದರು. ಹುಡುಗರ ಕಣ್ಣರಳಿತು. ಅವರಿಗೂ ಮೋಕ್ಷದ ಅವಕಾಶ ಒದಗಿಸಬಹುದಲ್ಲ ಎಂದರು. "ಗಯೆಗೆ ಹೋಗಿ ಪಿಂಡ ಹಾಕಿ ಬಂದಿದ್ದೇನೆ. ಬಾಕಿ ಏನೂ ಇಲ್ಲ" ಎಂದರು ಅಪ್ಪ.

ಬಾಗಿಲು ಬಡಿದು ಮುಚ್ಚುವವರನ್ನು ಸಂಭಾಳಿಸುವುದು ಹೇಗೆಂದು ಪ್ರೊವೊ ನಗರದ ತರಬೇತಿ ಕೇಂದ್ರದಲ್ಲಿ ಕಲಿತು ಬಂದಿದ್ದಾರೇನೋ. ಎಲ್ಲದಕ್ಕೂ "ಹೌದು, ಸರಿ, ನಮ್ಮಲ್ಲೂ ಹೀಗೆಯೇ" ಎನ್ನುವ ಮನೆಗೆ ಅವರ ಬಳಿ ಪಾಠವಿರಲಿಲ್ಲ. ಅವರು ಕೊಟ್ಟ ಏಸುವಿನ ಚಿತ್ರವನ್ನು ಅಮ್ಮ ದೇವರ ಗೂಡಿನಲ್ಲಿ ಸಿಗಂದೂರು ಚೌಡೇಶ್ವರಿಯ ಪಕ್ಕ ಇಟ್ಟು ಕುಂಕುಮ ಹಚ್ಚಿದ್ದಳು. ನೋಡಿದ ಹುಡುಗರು ಗೆದ್ದೆವೋ ಸೋತೆವೋ ತಿಳಿಯದೆ ನಿಂತರು.

ಇನ್ನೊಂದು ತೊಡಕು ಅವರ ವರ್ಗಾವಣೆ. ಸುಮಾರು ಆರು ವಾರಕ್ಕೊಮ್ಮೆ ಜೋಡಿ ಬದಲಾಗುತ್ತದೆ; ಹೊಸಬ ಬಂದಾಗಲೆಲ್ಲ ಪಾಠ 1820ಕ್ಕೆ ಮರಳುತ್ತದೆ. ಇಡಾಹೋದಿಂದ ಬಂದ ಕೆಂಚು ಕೂದಲಿನವನು ಮಾತ್ರ ಉಳಿದುಕೊಂಡಿದ್ದ. ಅವನ ಸ್ನೇಹಿತರೆಲ್ಲ ಬ್ರೆಜಿಲ್, ಫಿಲಿಪೀನ್ಸ್ ಎಂದು ಹೋದರಂತೆ. ನೆಂಟರನ್ನೆಲ್ಲ ಕೂಡಿಸಿಕೊಂಡು ನೇಮಕದ ಪತ್ರ ಓದಿದರೆ ಇವನಿಗೆ ಬಂದದ್ದು ಪಕ್ಕದ ರಾಜ್ಯ. ಎರಡು ವರ್ಷದ ಸೇವೆ, ಸ್ವಂತ ಖರ್ಚು. ಹೊಸ ಜೊತೆಗಾರ ಪಾಠದ ನಡುವೆ ತಡವರಿಸಿದರೆ ಅಪ್ಪ ಕಣ್ಣು ಮುಚ್ಚಿಕೊಂಡೇ "ಆಮೇಲೆ 1823, ಸೆಪ್ಟೆಂಬರ್, ಮೊರೋನಿ" ಎಂದು ಎತ್ತಿಕೊಡುತ್ತಿದ್ದರು.

ಒಮ್ಮೆ ಅಪ್ಪ ನೇರವಾಗಿ ಕೇಳಿಬಿಟ್ಟರು: "ನಿನಗೆ ಇದು ಸತ್ಯವೆಂದು ಗೊತ್ತಾದದ್ದು ಹೇಗೆ?" ಇಡಾಹೋ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಧ್ವನಿ ಕೇಳಿಸಲಿಲ್ಲ, ಬೆಳಕೂ ಕಾಣಲಿಲ್ಲ, ಇಲ್ಲಿ ಬೆಚ್ಚಗಾಯಿತು ಎಂದು ಎದೆಯ ಮೇಲೆ ಕೈಯಿಟ್ಟ. ಇಂಗ್ಲಿಷ್ ತಿಳಿಯದ ಅಮ್ಮ ಕೈ ಎಲ್ಲಿದೆಯೆಂದು ನೋಡಿ, ಹೊತ್ತುಹೊತ್ತಿಗೆ ಊಟ ಮಾಡದ ಮಕ್ಕಳಿಗೆ ಹುಳಿತೇಗು ಬರದೆ ಇನ್ನೇನು ಎಂದು ಜೀರಿಗೆ ಕುದಿಸಲು ಎದ್ದಳು.

ಗ್ರಂಥವನ್ನು ಓದಿ, ಇದು ನಿಜವೇ ಎಂದು ಮನಃಪೂರ್ವಕವಾಗಿ ದೇವರನ್ನೇ ಕೇಳಿ, ಉತ್ತರ ಬರುತ್ತದೆ. ಗ್ರಂಥದ ಕೊನೆಯ ಭಾಗದಲ್ಲಿರುವ ಈ ಭರವಸೆಯೇ ಅವರ ಬ್ರಹ್ಮಾಸ್ತ್ರ. ನಾನು ಕನ್ನಡದಲ್ಲಿ ಹೇಳಿದೆ. "ಕೇಳುವುದಕ್ಕೇನು, ಈಗಲೇ ಕೇಳೋಣ" ಎಂದು ಅಮ್ಮ ಕೈಕಾಲು ತೊಳೆದು, ಹಿತ್ತಿಲಿನ ಗುಲಾಬಿಯೊಂದನ್ನು ನೀರಿನಲ್ಲಿ ಅದ್ದಿ ಚೌಡೇಶ್ವರಿಯ ಪಟದ ಮೇಲೇರಿಸಿದಳು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಹುಡುಗರೂ ಕೈಕಟ್ಟಿ ತಲೆಬಾಗಿಸಿ ಕುಳಿತರು. ಅದು ಅವರ ಪ್ರಾರ್ಥನೆಯ ಭಂಗಿ. ಹೂವು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಬಲಕ್ಕೆ ಬಿತ್ತು.

ಹೊಸ ಹುಡುಗ ಕುರ್ಚಿಯಿಂದ ಅರ್ಧ ಎದ್ದ. ಅಪ್ಪ ಗಾಬರಿಯಾಗಿ "ಲೇ, ಏನು ಕೇಳಿದೆ?" ಎಂದರು.

"ಇಡಾಹೋದಲ್ಲಿರುವ ಆ ಹುಡುಗಿ ಇವನಿಗಾಗಿ ಎರಡು ವರ್ಷ ಕಾಯುತ್ತಾಳೆಯೇ ಎಂದು. ಹೋದ ವಾರ ಪಾಪ, ಪತ್ರ ಬರಲಿಲ್ಲವೆಂದು ಸಪ್ಪಗಿದ್ದನಲ್ಲ."

ನಾನು ಅನುವಾದಿಸಿದೆ. ಹೊಸಬ ಮತ್ತೆ ಕುಳಿತ. ಇಡಾಹೋದವನು ಕೆಂಪಾಗಿ, ನೆಲದಲ್ಲಿದ್ದ ಹೂವನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದ: "ಇದು ಸಾಮಾನ್ಯವಾಗಿ ನಿಜವಾಗುತ್ತದೆಯೇ?"

ಜೊತೆಗಾರ ಕೆಮ್ಮಿದ.

ಅಪ್ಪ ಅಮ್ಮ ಊರಿಗೆ ಮರಳಿದ ಮೇಲೆ ಒಂದು ಸಂಜೆ ಪೂರ್ತಿ ಹೊಸ ಜೋಡಿಯೊಂದು ಬಾಗಿಲು ತಟ್ಟಿತು. ಈ ಮನೆಯ ಹಿರಿಯರು ದೀಕ್ಷೆಗೆ ಬಹಳ ಸಮೀಪದಲ್ಲಿದ್ದಾರೆ ಎಂದು ಅವರ ಮೊಬೈಲಿನಲ್ಲಿ ದಾಖಲಾಗಿತ್ತು. ಶಿವಮೊಗ್ಗದಲ್ಲಿ ಆಗ ನಸುಕು. ವಿಡಿಯೊ ಕರೆಯಲ್ಲಿ ಅಪ್ಪ ಕನ್ನಡಕ ಏರಿಸಿಕೊಂಡು ಇಬ್ಬರನ್ನೂ ಪರಿಶೀಲಿಸಿದರು.

"ಹೊಸಬರೋ? ಪಾಠ ಎಲ್ಲಿಗೆ ಬಂದಿದೆ?"

ಇನ್ನೂ ಶುರುವಾಗಿಲ್ಲ ಎಂದೆ.

"ಕುಳಿತುಕೊಳ್ಳಲು ಹೇಳು. ನಾನೇ ಶುರು ಮಾಡುತ್ತೇನೆ."