ಪ್ರಾಕ್ಟೀಸ್ ರೌಂಡಿನಲ್ಲಿ ಸ್ಕೋರ್ ಬರೆಯಬೇಡಿ

ನಾನಿರುವುದು ಸ್ಕಾಟ್‌ಲೆಂಡಿನ ಡಂಡೀಯಲ್ಲಿ. ಒಂದು ಕಡೆ ಕಾರ್ನೂಸ್ಟಿ, ಟೇ ನದಿ ದಾಟಿದರೆ ಸೇಂಟ್ ಆಂಡ್ರೂಸ್. ಬೇಸಿಗೆ ಬಂತೆಂದರೆ ಬೆಂಗಳೂರಿನ ಗಾಲ್ಫ್ ಗೆಳೆಯರು ಇಲ್ಲಿನ ಕ್ಲಬ್ಬುಗಳ ಓಪನ್ ಸ್ಪರ್ಧೆಗಳಿಗೆ ಬರುತ್ತಾರೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ) ಇದ್ದರೆ ಸಾಕು, ಹೊರಗಿನವರೂ ಹೆಸರು ಕೊಡಬಹುದು. ಹಿಂದಿನ ದಿನ ಕೋರ್ಸನ್ನು, ಅಂದರೆ ಗಾಲ್ಫ್ ಮೈದಾನವನ್ನು, ಆಡಿ ನೋಡುವ ಪ್ರಾಕ್ಟೀಸ್ ರೌಂಡಿಗೆ ನಾನೂ ಜೊತೆಗೆ ಹೋಗುತ್ತೇನೆ. ಮೊದಲ ಟೀಯಲ್ಲೇ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲೇ, ಬಾಜಿ ಕಟ್ಟಿಬಿಡುತ್ತಾರೆ, ಸೋತ ಜೋಡಿ ಊಟ ಕೊಡಿಸಬೇಕು. ಅಲ್ಲಿಂದ ಹದಿನೆಂಟೂ ಹೋಲ್ ಸ್ಕೋರಿನದೇ ಮಾತು. ಸಂಜೆ ಹೊತ್ತಿಗೆ ಯಾರು ಎಷ್ಟು ಹೊಡೆದರೆಂದು ಎಲ್ಲರಿಗೂ ಗೊತ್ತು, ಯಾವ ಗ್ರೀನಿನ (ಹೋಲಿನ ಸುತ್ತಲಿನ ನುಣುಪು ಹುಲ್ಲಿನ) ಹಿಂದೆ ಏನಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಇದು ನನಗೆ ಸಂಕಟ ತರುತ್ತದೆ. ಅಷ್ಟು ದೂರದಿಂದ ರಜೆ ಹಾಕಿ, ದುಡ್ಡು ಸುರಿದು ಬಂದವರು ಕೋರ್ಸನ್ನು ನೋಡದೆಯೇ ಸ್ಪರ್ಧೆಗೆ ಇಳಿಯುತ್ತಾರೆ.

ಇಲ್ಲಿನ ಹಳಬರ ರೀತಿ ಬೇರೆ. ಗ್ರೀನ್ ತಲುಪಿದ ಮೇಲೆ ಇವತ್ತಿನ ಪಿನ್ (ಹೋಲಿನಲ್ಲಿ ನಿಲ್ಲಿಸಿದ ಬಾವುಟದ ಕೋಲು) ಕಡೆ ಹೆಚ್ಚು ಗಮನ ಕೊಡುವುದಿಲ್ಲ, ನಾಳೆ ಅದು ಅಲ್ಲಿರುವುದಿಲ್ಲವಲ್ಲ. ಹಿಂದೆ ಯಾರೂ ಕಾಯುತ್ತಿಲ್ಲ ಅಂದರೆ ಗ್ರೀನಿನ ಮೂಲೆಗಳಲ್ಲಿ ಒಂದೊಂದು ಟೀ (ಚೆಂಡು ಇಡುವ ಪುಟ್ಟ ಗೂಟ) ಮಲಗಿಸಿ, ನಡುವಿನಿಂದ ಪ್ರತಿಯೊಂದಕ್ಕೂ ಪಟ್ ಮಾಡಿ, ಅಂದರೆ ಚೆಂಡು ಉರುಳಿಸಿ, ನೋಡುತ್ತಾರೆ. ಆಮೇಲೆ ಗ್ರೀನಿನ ಹಿಂಬದಿಗೆ ಹೋಗಿ, ಚೆಂಡು ಎಲ್ಲಿ ಉರುಳಿ ನಿಂತೀತೋ ಅಲ್ಲಿಂದ ಒಂದೆರಡು ಚಿಪ್, ಅಂದರೆ ಚೆಂಡನ್ನು ತುಸು ಎತ್ತಿ ಹೊಡೆಯುವ ಸಣ್ಣ ಹೊಡೆತ. ಬಂಕರಿನಲ್ಲಿ, ಅಂದರೆ ಮರಳುಗುಂಡಿಯಲ್ಲಿ, ಕಾಲಿಟ್ಟು ಮರಳು ಎಷ್ಟು ಆಳ ಅಂತ ಪಾದದಿಂದಲೇ ತಿಳಿದುಕೊಳ್ಳುತ್ತಾರೆ. ಇಲ್ಲಿನ ಬಂಕರುಗಳ ಎದುರಿಗೆ ಹುಲ್ಲುಹೆಂಟೆ ಪೇರಿಸಿದ ಗೋಡೆ. ಅದರ ಬುಡಕ್ಕೆ ಚೆಂಡು ಅಂಟಿತೆಂದರೆ ಪಕ್ಕಕ್ಕೋ ಹಿಂದಕ್ಕೋ ಹೊಡೆದು ಈಚೆ ಬರಬೇಕು. ಯಾವ ಬಂಕರಿನಿಂದ ಮುಂದಕ್ಕೆ ಹೊಡೆಯಬಹುದು, ಯಾವುದರಿಂದ ಆಗದು ಅನ್ನುವುದನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಈ ವಿಷಯದಲ್ಲಿ ಅಮೆರಿಕದ ಆಟಗಾರ ಬೆನ್ ಹೋಗನ್‌ನನ್ನು ಮೀರಿಸಿದವರಿಲ್ಲ. 1953ರಲ್ಲಿ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಎರಡನ್ನೂ ಗೆದ್ದ ಮೇಲೆ ಆತ ಬ್ರಿಟಿಷ್ ಓಪನ್ ಆಡಲು ಕಾರ್ನೂಸ್ಟಿಗೆ ಬಂದ. ಸ್ಪರ್ಧೆಗೆ ಎಷ್ಟೋ ದಿನ ಮೊದಲೇ ಬಂದು ತಯಾರಿಗೆ ಕೂತ. ಆಗ ಬ್ರಿಟನ್ನಿನ ಚೆಂಡು 1.62 ಇಂಚು, ಅಮೆರಿಕದ್ದು 1.68. ಆ ಚಿಕ್ಕ ಚೆಂಡು ಈ ಗಾಳಿಯಲ್ಲಿ ಹೇಗೆ ಓಡುತ್ತದೆ ಅನ್ನುವುದನ್ನು ಮೊದಲು ಕಲಿತ. ಸಂಜೆ ಕೋರ್ಸಿನಲ್ಲಿ ಹದಿನೆಂಟನೆಯ ಗ್ರೀನಿನಿಂದ ಟೀ ಕಡೆಗೆ, ಅಂದರೆ ತಿರುಗುಮುರುಗಾಗಿ ನಡೆಯುತ್ತಿದ್ದ ಅಂತ ಇಲ್ಲಿ ಈಗಲೂ ಹೇಳುತ್ತಾರೆ. ನಾಲ್ಕು ರೌಂಡುಗಳಲ್ಲಿ 73, 71, 70, 68 ಹೊಡೆದು ನಾಲ್ಕು ಹೊಡೆತಗಳ ಅಂತರದಿಂದ ಗೆದ್ದ. ಆತ ಆಡಿದ ಬ್ರಿಟಿಷ್ ಓಪನ್ ಅದೊಂದೇ.

ತಿರುಗುಮುರುಗಾಗಿ ನಡೆಯುವುದರಲ್ಲಿ ಅರ್ಥವಿದೆ. ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸನ್ನು ಒಂದು ಕಾಲದಲ್ಲಿ ಈಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿಯೂ ಆಡುತ್ತಿದ್ದರು. ಹಾಗಾಗಿ ಹನ್ನೆರಡನೆಯ ಹೋಲಿನ ಟೀ ಮೇಲೆ ನಿಂತರೆ ಎದುರಿಗೆ ಬರೀ ಬಯಲು. ಗ್ರೀನಿನಿಂದ ತಿರುಗಿ ನೋಡಿದರೆ ಅದೇ ಬಯಲಿನಲ್ಲಿ ಬಂಕರುಗಳು ಬಾಯಿ ತೆರೆದುಕೊಂಡಿರುತ್ತವೆ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರಿನವರು ಮಕ್ಕಳು, ನಾಯಿ ಸಮೇತ ಅಡ್ಡಾಡುತ್ತಾರೆ, ನೀವೂ ಅಡ್ಡಾಡಬಹುದು, ಕಾಸು ಕೊಡಬೇಕಿಲ್ಲ. ಬಂದವರನ್ನೆಲ್ಲ ನಾನು ಮೊದಲು ಕರೆದೊಯ್ಯುವುದು ಅಲ್ಲಿಗೇ.

ನಮ್ಮವರು ಮರೆಯುವ ಇನ್ನೊಂದು ಸಂಗತಿ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಅಲ್ಲಿ ಗಾಳಿ ತೆಳು, ಚೆಂಡು ಸಲೀಸಾಗಿ ಹಾರುತ್ತದೆ. ಅಲ್ಲಿ 150 ಗಜ ಹೋಗುತ್ತಿದ್ದ ಐರನ್ ಕೋಲಿನ ಹೊಡೆತ ಇಲ್ಲಿ ಕಡಲ ಪಕ್ಕದಲ್ಲಿ ನಾಲ್ಕೈದು ಗಜ ಹಿಂದೆಯೇ ಬೀಳುತ್ತದೆ, ಚಳಿ ಇದ್ದರೆ ಇನ್ನೂ ಕಡಿಮೆ. ಆದರೆ ಬಿದ್ದ ಮೇಲೆ ಉರುಳುವುದು ಜಾಸ್ತಿ, ನೆಲ ಅಷ್ಟು ಗಟ್ಟಿ. ಗಾಳಿಯಂತೂ ರಾತ್ರಿ ಬೆಳಗಾಗುವುದರೊಳಗೆ ದಿಕ್ಕು ಬದಲಿಸುತ್ತದೆ. ಸೈಟು ಕೊಳ್ಳುವವರು ಬೇಸಿಗೆಯಲ್ಲಿ ನೋಡಿದ್ದರೂ ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸುವ ಹಾಗೆ, ಪ್ರತಿ ಟೀ ಮೇಲೂ ಗಾಳಿ ಎದುರಿನಿಂದ ಬಂದರೆ ಏನು ಮಾಡುತ್ತೇನೆ ಅಂತ ಕೇಳಿಕೊಳ್ಳಬೇಕು.

ಹಾಗಂತ ಎಲ್ಲವೂ ಇಲ್ಲಿಯದೇ ಮೇಲು ಅನ್ನುವವನಲ್ಲ ನಾನು. ನಮ್ಮ ಕ್ಯಾಡಿಗಳ, ಅಂದರೆ ಆಟಗಾರನ ಬ್ಯಾಗು ಹೊತ್ತು ಜೊತೆಗೆ ನಡೆಯುವವರ, ಅರಿವಿಗೆ ಇಲ್ಲಿನ ದೂರ ಬರೆದಿಟ್ಟ ಯಾರ್ಡೇಜ್ ಪುಸ್ತಕ, ಜಿಪಿಎಸ್ ವಾಚು ಯಾವುದೂ ಸಮನಲ್ಲ. ಬರ್ಮುಡಾ ಹುಲ್ಲಿನ ಗ್ರೀನಿನಲ್ಲಿ ಹುಲ್ಲು ಯಾವ ಕಡೆ ಬಾಗಿದೆ ಅನ್ನುವುದರ ಮೇಲೆ ಪಟ್ ನಿಂತಿರುತ್ತದೆ. ಕ್ಯಾಡಿ ಬಗ್ಗಿ ಹೋಲಿನ ಅಂಚು ನೋಡುತ್ತಾನೆ, ಯಾವ ಬದಿ ಒಣಗಿ ಹರಿದಂತಿದೆಯೋ ಹುಲ್ಲು ಆ ಕಡೆಗೆ ಬೆಳೆದಿದೆ. "ಕಣ್ಣಿಗೆ ಎಡ ಕಾಣ್ಸುತ್ತೆ ಸಾರ್, ಬಾಲ್ ಮಾತ್ರ ಬಲಕ್ಕೇ ಹೋಗೋದು," ಅಂತಾನೆ, ಹಾಗೇ ಆಗುತ್ತದೆ. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ನನಗೆ ಆಶ್ಚರ್ಯವೇ ಅಲ್ಲ. ತೊಂದರೆ ಎಂದರೆ ನಾವು ಆ ಅರಿವನ್ನು ಕೇಳಿ ಪಡೆಯುತ್ತೇವೆ, ಕಲಿಯುವುದಿಲ್ಲ. ಕ್ಯಾಡಿ ಹೇಳಿದ ಗೆರೆಗೆ ಹೊಡೆದು ಮುಂದೆ ಹೋಗುತ್ತೇವೆ. ಪ್ರಾಕ್ಟೀಸ್ ರೌಂಡಿನಲ್ಲಿ ಮೊದಲು ನಾವೇ ಗೆರೆ ಹೇಳಿ, ಆಮೇಲೆ ಅವನನ್ನು ಕೇಳಿದರೆ ಪರವೂರಿಗೆ ಹೋದಾಗ ಕೈಹಿಡಿಯುತ್ತದೆ.

ನಿಯಮವೂ ಗೊತ್ತಿರಲಿ. ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ) ಸ್ಪರ್ಧೆಯ ದಿನ, ನಿಮ್ಮ ರೌಂಡಿಗೆ ಮುಂಚೆ ಕೋರ್ಸಿನಲ್ಲಿ ಅಭ್ಯಾಸ ಮಾಡುವಂತಿಲ್ಲ. ಮೊದಲ ಟೀ ಹತ್ತಿರ ಪಟ್, ಚಿಪ್ ಮಾಡಬಹುದು, ಅಭ್ಯಾಸದ ಜಾಗ ಬಳಸಬಹುದು, ಅಷ್ಟೆ. ಹೋಲ್ ಹೋಲಿಗೆ ಗೆಲುವು ಎಣಿಸುವ ಮ್ಯಾಚ್ ಪ್ಲೇಗೆ ಈ ಕಟ್ಟು ಇಲ್ಲ. ಸ್ಥಳೀಯ ನಿಯಮ ಇದನ್ನು ಬದಲಿಸಿರಬಹುದು, ಕೇಳಿಕೊಳ್ಳಿ.

ಬೆಂಗಳೂರಿನ ಕ್ಲಬ್ಬುಗಳಿಗೂ ಒಂದು ಮಾತು. 1876ರಿಂದ ಗಾಲ್ಫ್ ಕ್ಲಬ್ ಇರುವ ಊರು ನಮ್ಮದು. ಇಲ್ಲಿ ಎಷ್ಟೋ ಕ್ಲಬ್ಬುಗಳು ಓಪನ್ ಸ್ಪರ್ಧೆಗೆ ಹೆಸರು ಕೊಟ್ಟವರಿಗೆ ಕಡಿಮೆ ಶುಲ್ಕಕ್ಕೆ ಪ್ರಾಕ್ಟೀಸ್ ರೌಂಡ್ ಕೊಡುತ್ತವೆ. ಮೈಸೂರಿನಿಂದಲೋ ಚಿಕ್ಕಮಗಳೂರಿನಿಂದಲೋ ಬರುವ ಹುಡುಗ ಹುಡುಗಿಯರಿಗೆ ಸ್ಪರ್ಧೆಗೆ ಮುಂಚೆ ವಾರದ ನಡುವಿನ ಒಂದು ಮಧ್ಯಾಹ್ನ ಬಿಟ್ಟುಕೊಡಿ. ಜೊತೆಗೆ ಒಬ್ಬ ಹಳೆಯ ಕ್ಯಾಡಿಯನ್ನು ಕಳಿಸಿ, ಅವನ ಕೂಲಿ ಕ್ಲಬ್ಬೇ ಕೊಡಲಿ.