ಈ ವರ್ಷದ ಪಟ್ಟಿಯಲ್ಲಿ ಒಂದೇ ಹೆಸರು

ಡಿಸೆಂಬರ್ 31ರ ಸಂಜೆ ಹುಡುಗರು ಓಲ್ಡ್ ಮ್ಯಾನ್‌ನನ್ನು ಹೊತ್ತುಕೊಂಡು ನನ್ನ ಅಂಗಡಿಗೆ ಬಂದರು. ಹಳೇ ಪ್ಯಾಂಟು, ಹರಿದ ಅಂಗಿ, ಒಳಗೆ ಒಣಹುಲ್ಲು. ಕಾರವಾರದವರಿಗೆ ಇದನ್ನು ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ಅವನೇ ಹಳೇ ವರ್ಷ. ರಾತ್ರಿ 12ಕ್ಕೆ ಅವನನ್ನು ಸುಡುತ್ತಾರೆ. ಅದಕ್ಕೂ ಮೊದಲು ಅಂಗಡಿ ಅಂಗಡಿ ಸುತ್ತಿ ಚಿಲ್ಲರೆ ಎತ್ತುತ್ತಾರೆ. ನಾನು 50 ರೂಪಾಯಿ ಕೊಟ್ಟೆ. ಒಬ್ಬ ಪೋರ, "ಅಂಕಲ್, ನಿಮ್ಮದೇನಾದ್ರೂ ಸುಡೋದಿದ್ರೆ ಕೊಡಿ, ಇವನ ಕಿಸೆಗೆ ಹಾಕ್ತೇವೆ" ಅಂದ. ತಮಾಷೆಗೆ ಅಂದಿದ್ದು. ನನ್ನ ಕಣ್ಣು ಮಾತ್ರ ಸೀದಾ ಉದ್ರಿ ಪುಸ್ತಕದ ಮೇಲೆ ಹೋಯಿತು.

ಕೊಡಲಿಲ್ಲ ಬಿಡಿ. ಅಷ್ಟು ದೊಡ್ಡ ಮನುಷ್ಯ ನಾನಲ್ಲ.

ಅದೇ ಉದ್ರಿ ಪುಸ್ತಕದ ಕೊನೇ ಪುಟದಲ್ಲಿ ನಾನು ಪ್ರತಿ ವರ್ಷ ಒಂದು ಪಟ್ಟಿ ಬರೆಯುತ್ತೇನೆ. ವರ್ಷದ ಕೊನೇ ರಾತ್ರಿ ಇಗರ್ಜಿಯಲ್ಲಿ ಕೃತಜ್ಞತೆಯ ಪೂಜೆ ಮುಗಿಸಿ ಬಂದಮೇಲೆ. ಆ ಹೊತ್ತಿಗೆ ಮನಸ್ಸು ಮೆತ್ತಗಾಗಿರುತ್ತದೆ. ಹೊಟ್ಟೆಯಲ್ಲಿ ದೋದೋಲು, ನೆವ್ರಿಯಂಥ ಕ್ರಿಸ್ಮಸ್ ಸಿಹಿತಿಂಡಿ ಬೇರೆ. ಏನು ಬೇಕಾದರೂ ಮಾಡಬಲ್ಲೆ ಅನ್ನಿಸುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ. ದಿನಾ ತೆರ್ಸ್, ಅಂದರೆ ಜಪಮಾಲೆ. ತಿಂಗಳಿಗೊಮ್ಮೆ ಕುಮ್ಸಾರ್, ಅಂದರೆ ಪಾದ್ರಿಯ ಹತ್ತಿರ ಪಾಪನಿವೇದನೆ. ವರ್ಷದೊಳಗೆ ಪೂರ್ತಿ ಬೈಬಲ್ ಓದಿ ಮುಗಿಸುವುದು. ಒಂದು ವರ್ಷ ಶುಕ್ರವಾರದ ಉಪವಾಸದ ಬಗ್ಗೆ ಯೋಚಿಸಿದೆ. ಮಾಂಸ ಬಿಡುವುದು ನಮಗೇನು ಕಷ್ಟ? ಬಂಗಡೆ ಇದೆಯಲ್ಲ! ಹಾಗಾಗಿ ಮೀನನ್ನೇ ಬಿಡುತ್ತೇನೆ ಅಂತ ಬರೆದೆ. ಮೂರು ಶುಕ್ರವಾರ ನಡೆಯಿತು.

ಬೈಬಲ್‌ನ ಕತೆಯೂ ಇದೇ. ನಮ್ಮ ಕಥೋಲಿಕ ಬೈಬಲ್‌ನಲ್ಲಿ 73 ಪುಸ್ತಕಗಳು. ಆದಿಕಾಂಡದ 50 ಅಧ್ಯಾಯ ಕತೆ ಓದಿದ ಹಾಗೆ ಓಡುತ್ತವೆ. ವಿಮೋಚನಕಾಂಡದಲ್ಲಿ 40 ಅಧ್ಯಾಯ, ಕಡಲು ದಾಟುವ ತನಕ ಚೆನ್ನಾಗಿರುತ್ತದೆ, ಆಮೇಲೆ ದೇವರ ಗುಡಾರದ ಅಳತೆ ಶುರುವಾಗುತ್ತದೆ. ಮೂರನೇ ಪುಸ್ತಕ ಯಾಜಕಕಾಂಡ. ಯಾವ ಬಲಿಗೆ ಯಾವ ಪ್ರಾಣಿ, ಕೊಬ್ಬನ್ನು ಏನು ಮಾಡಬೇಕು ಅನ್ನುವ ಹೊತ್ತಿಗೆ ಫೆಬ್ರವರಿ ಬಂದಿರುತ್ತದೆ. ನನ್ನ ಬೈಬಲ್‌ನ ದಾರದ ಗುರುತು ಅಲ್ಲೇ ಐದನೇ ಅಧ್ಯಾಯದ ಹತ್ತಿರ ಕೂತು ಹಳದಿಯಾಗಿದೆ.

ಯಾಕೆ ಹೀಗಾಗುತ್ತದೆ ಅಂತ ಅಂಗಡಿಯವನ ಹಾಗೆ ಯೋಚಿಸಿದೆ. ಗಿರಾಕಿ ಶನಿವಾರ ಕೊಡುತ್ತೇನೆ ಅಂದು ಕೊಡದಿದ್ದರೆ ನಾನು ಭಾನುವಾರ ಕೇಳುತ್ತೇನೆ. ನಾನು ದೇವರಿಗೆ ಕೊಟ್ಟ ಮಾತು ತಪ್ಪಿದರೆ ಆತ ಬಂದು ಕೌಂಟರ್ ಮುಂದೆ ನಿಲ್ಲುವುದಿಲ್ಲ. ಪಟ್ಟಿ ಬರೆದವನೂ ನಾನೇ, ಪಾಸು ಮಾಡುವವನೂ ನಾನೇ, ಮಾಫಿ ಮಾಡುವವನೂ ನಾನೇ. ಇಂಥ ವ್ಯವಹಾರ ಯಾವ ಅಂಗಡಿಯಲ್ಲಿ ನಡೆಯುತ್ತದೆ ಹೇಳಿ?

ಯೋಜನೆಯೇ ಬೇಡ ಅನ್ನುತ್ತಿಲ್ಲ. ಬೈಬಲ್‌ನ ಯಕೋಬನ ಪತ್ರದಲ್ಲಿ ಒಂದು ಮಾತಿದೆ. ಇಂಥ ಊರಿಗೆ ಹೋಗಿ ಒಂದು ವರ್ಷ ಇದ್ದು ವ್ಯಾಪಾರ ಮಾಡಿ ಲಾಭ ಮಾಡುತ್ತೇವೆ ಅನ್ನುವವರೇ, ನಾಳೆ ಏನಾಗುತ್ತದೆ ಅಂತ ನಿಮಗೆ ಗೊತ್ತಾ ಅಂತ. ವ್ಯಾಪಾರಿಗೇ ಸೀದಾ ಬಿದ್ದ ಏಟು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನ ಒಂದು ರಾತ್ರಿ ಲಾರಿ ಸಮೇತ ಕುಸಿದದ್ದನ್ನು ನೋಡಿದ ಊರು ನಮ್ಮದು. ಅದಕ್ಕೆ ಮೂರು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಇಳಿದಿತ್ತು. ಯಕೋಬ ವರ್ಷದ ಲೆಕ್ಕವನ್ನೇ ಹಾಕಬೇಡ ಅನ್ನಲಿಲ್ಲ. ದೇವರ ಚಿತ್ತವಿದ್ದರೆ ಅಂತ ಸೇರಿಸಿಕೋ ಅಂದ, ಅಷ್ಟೇ.

ಈ ಸಲ ನಾನು ಒಂದು ಕಳ್ಳದಾರಿ ಹಿಡಿದೆ. ಯಾಜಕಕಾಂಡದ ಐದರಿಂದ ಸೀದಾ 25ನೇ ಅಧ್ಯಾಯಕ್ಕೆ ಹಾರಿದೆ. ಕಾರಣ ಇತ್ತು. 2025 ಇಡೀ ಕಥೋಲಿಕ ಸಭೆಗೆ ಜುಬಿಲಿ ವರ್ಷ. ಅದು ಮುಗಿಯುವ ಹೊತ್ತಿಗೆ ನಮ್ಮ ಕಾರವಾರ ಧರ್ಮಪ್ರಾಂತ್ಯಕ್ಕೆ 50 ತುಂಬುವುದಿತ್ತು, ಅದು ಹುಟ್ಟಿದ್ದು 1976ರಲ್ಲಿ. ಇಷ್ಟು ವರ್ಷ ಜುಬಿಲಿ ಅಂದರೆ ಮಂಟಪ, ಬ್ಯಾಂಡು, ಊಟ ಅಂತ ತಿಳಿದಿದ್ದ ನಾನು ಅದರ ಮೂಲ ಓದಿರಲೇ ಇಲ್ಲ. ಐವತ್ತನೇ ವರ್ಷ ಕೊಂಬು ಊದಬೇಕು. ಬಡತನದಿಂದ ಮಾರಿಹೋದ ಜಮೀನು ಮೂಲದವರಿಗೆ ವಾಪಸ್ಸು. ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದವನು ತನ್ನ ಮನೆಗೆ ವಾಪಸ್ಸು. ಹಬ್ಬ ಅಂದರೆ ಅದು. ಲೆಕ್ಕದ ಪುಸ್ತಕದ ಮೇಲೆ ಬರುವ ಹಬ್ಬ!

ನನ್ನ ಪುಸ್ತಕದಲ್ಲಿ ಒಂದು ಹೆಸರಿದೆ. ಇಲ್ಲಿ ಬರೆಯುವುದಿಲ್ಲ, ಮಾವಶಿ ಅನ್ನುತ್ತೇನೆ. ಮೀನು ಮಾರುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಬುಟ್ಟಿಗೆ ಮೀನು ಕಡಿಮೆ, ಮನೆಗೆ ಅಕ್ಕಿ ಮಾತ್ರ ಬೇಕೇ ಬೇಕು. ಇಪ್ಪತ್ತು ವರ್ಷದಿಂದ ಮಳೆಗಾಲದಲ್ಲಿ ಉದ್ರಿ ಒಯ್ದು ಚೌತಿಯ ಮೊದಲು ತೀರಿಸಿದ ಹೆಂಗಸು. ಕಳೆದ ವರ್ಷ ತೀರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಎಣ್ಣೆಗೆ ಬಂದರು. ಅಂಗಡಿ ತುಂಬ ಜನ. ನಾನು, "ಮಾವಶಿ, ದೋಣಿ ಇಳಿದು ತಿಂಗಳಾಯ್ತು, ನನ್ನ ಲೆಕ್ಕ ಮಾತ್ರ ಇಳಿಯಲಿಲ್ಲ" ಅಂದೆ. ಜನ ನಕ್ಕರು. ನನಗೂ ನನ್ನ ಮಾತು ಚೆನ್ನಾಗಿದೆ ಅನ್ನಿಸಿತು. ಮಾವಶಿ ಎಣ್ಣೆಯ ಬಾಟಲಿ ಅಲ್ಲೇ ಇಟ್ಟು ಹೋದರು.

ಅಂದಿನಿಂದ ಅವರು ನಮ್ಮ ರಸ್ತೆಯಲ್ಲಿ ಬರುವುದಿಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಾರೆ. ನನಗೆ ಕಾಣುವುದಿಲ್ಲ, "ಬಂಗ್ಡೆ, ತಾರ್ಲೆ" ಅಂತ ಕೂಗುವುದು ಕೇಳುತ್ತದೆ.

ಡಿಸೆಂಬರ್ ಪೂರ್ತಿ ನಾನು ದೊಡ್ಡ ಮನಸ್ಸು ಮಾಡುವ ತಯಾರಿಯಲ್ಲಿದ್ದೆ. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ, ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯ 'ತಪ್ಪು' ಇರುವ ಜಾಗದಲ್ಲಿ 'ಸಾಲ' ಅಂತಲೇ ಇದೆ. ಇದನ್ನು ಪಾದ್ರಿ ಹೇಳಿದಾಗ ನನಗೆ ರೋಮಾಂಚನ. ನಮ್ಮ ಸಾಲಗಾರರನ್ನು ನಾವು ಬಿಟ್ಟ ಹಾಗೆ ನಮ್ಮ ಸಾಲವನ್ನೂ ಬಿಡು. ಸರಿ, ಮಾವಶಿಯ ಲೆಕ್ಕ ಹೊಡೆದುಹಾಕೋಣ, ಇದೇ ಈ ವರ್ಷದ ಸಂಕಲ್ಪ ಅಂದುಕೊಂಡೆ. ಆಮೇಲೆ ಅದೇ ಮತ್ತಾಯನ ಐದನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಬಲಿಪೀಠಕ್ಕೆ ಕಾಣಿಕೆ ತಂದಿದ್ದೀಯಾ? ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಅಂತ ಅಲ್ಲಿ ನೆನಪಾಯಿತಾ? ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು. ನಿನಗೆ ಅವನ ಮೇಲೆ ಇದ್ದರೆ ಅಂತ ಇಲ್ಲ. ಅವನಿಗೆ ನಿನ್ನ ಮೇಲೆ! ನಾನು ಮಾಫಿ ಮಾಡುವ ಸಾಹುಕಾರ ಅಂದುಕೊಂಡು ಕೂತಿದ್ದೆ. ಲೆಕ್ಕ ಉಲ್ಟಾ ಇತ್ತು.

ಹಾಗಾಗಿ ಈ ವರ್ಷ ಕೊನೇ ಪುಟದಲ್ಲಿ ಒಂದೇ ಸಾಲು ಬರೆದೆ. ಆ ಹೆಸರು, ಮುಂದೆ 'ನಮ್ಮ ರಸ್ತೆಯಲ್ಲಿ ಬರಬೇಕು' ಅಂತ. ವಿಶ್ವಾಸದ ಗುರಿ ಅಂದರೆ ಇಷ್ಟು ಸಣ್ಣದು, ಇಷ್ಟು ಗಟ್ಟಿಯಾದದ್ದು ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಅಧ್ಯಾಯ ಓದಿದೆ ಅಂತ ನಾನು ಸುಳ್ಳು ಹೇಳಬಹುದು. ಮಾವಶಿ ರಸ್ತೆಯಲ್ಲಿ ಬಂದರೋ ಇಲ್ಲವೋ ಅನ್ನುವುದು ಇಡೀ ರಸ್ತೆಗೆ ಗೊತ್ತಾಗುತ್ತದೆ.

ಹೆಂಡತಿಗೆ ಹೇಳಿದೆ. "ಎಲ್ಲರಿಗೂ ಹೀಗೆ ಬಿಡ್ತಾ ಹೋದ್ರೆ ಮೇ ತಿಂಗಳಿಗೆ ಶಟರ್ ಎಳೀಬೇಕು, ಆಮೇಲೆ ನೀವು ಯಾರ ಅಂಗಡಿಯಲ್ಲಿ ಉದ್ರಿ ತಗೋತೀರಿ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆಮೇಲೆ ಅವಳೇ, "ದುಡ್ಡು ಕೇಳಿದ್ದು ತಪ್ಪಲ್ಲ. ಜನರ ಮುಂದೆ ಕೇಳಿದ್ದು ತಪ್ಪು. ನಿಮ್ಮ ಬಾಯಿ" ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದವಳ ಎದುರು ಬೇರೆ ಆತ್ಮಶೋಧನೆ ಬೇಕಾ?

ಬೇಕಂತೆ. ಸಂತ ಇಗ್ನೇಷಿಯಸ್ ಲೊಯೊಲ ಇದಕ್ಕೊಂದು ಉಪಾಯ ಹೇಳಿದ್ದಾರೆ. 1521ರ ಯುದ್ಧದಲ್ಲಿ ಗುಂಡೇಟಿಗೆ ಕಾಲು ಮುರಿದುಕೊಂಡು ಮಲಗಿದ ಸೈನಿಕ, ಆಮೇಲೆ ಯೇಸುಸಭೆ ಅನ್ನುವ ಪಾದ್ರಿಗಳ ಸಂಘ ಕಟ್ಟಿದವರು. ಎಲ್ಲ ತಪ್ಪುಗಳ ಹಿಂದೆ ಒಟ್ಟಿಗೆ ಓಡಬೇಡ, ಒಂದನ್ನು ಹಿಡಿ ಅನ್ನುತ್ತಾರೆ. ಎದ್ದಾಗ ಅದನ್ನು ನೆನಪು ಮಾಡಿಕೋ. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಲೆಕ್ಕ ನೋಡು. ದಿನಕ್ಕೆ ಎರಡು ಗೆರೆ, ಎಷ್ಟು ಸಲ ಬಿದ್ದೆಯೋ ಅಷ್ಟು ಚುಕ್ಕಿ. ಇವತ್ತಿನದನ್ನು ನಿನ್ನೆಯದರ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸು. ಓದಿದ ಕೂಡಲೇ ಇದು ಅಂಗಡಿಯವನ ಕೆಲಸ ಅನ್ನಿಸಿತು. ಗೆರೆ ಎಳೆಯುವುದು ನನಗೆ ಯಾರೂ ಕಲಿಸಬೇಕಿಲ್ಲ.

ನಾನು ಹಿಡಿದ ತಪ್ಪು, ಬಾಯಿ. ಜನವರಿ 1ರಂದು ಏಳು ಚುಕ್ಕಿ. ಅವತ್ತು ಅಂಗಡಿ ಅರ್ಧ ದಿನ ಮಾತ್ರ ತೆರೆದಿತ್ತು ಅನ್ನುವುದನ್ನು ಗಮನಿಸಿ. 2ಕ್ಕೆ ಒಂಬತ್ತು. 3ಕ್ಕೆ ನಾಲ್ಕು, ಆದರೆ ಅವತ್ತು ಗಂಟಲು ಕಟ್ಟಿತ್ತು.

4ರ ಭಾನುವಾರ ಪೂಜೆ ಮುಗಿಸಿ ಮಾವಶಿಯ ಮನೆಗೆ ಹೋದೆ. ಕೈಯಲ್ಲಿ ಕೇಕಿನ ಡಬ್ಬಿ ಇತ್ತು. ಪುಸ್ತಕ ಒಯ್ದಿರಲಿಲ್ಲ. ಸೊಸೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದ್ದೇ, "ಅತ್ತೆ ಇಲ್ಲ, ಹದಿನೈದನೇ ತಾರೀಕು ಕೊಡ್ತಾರಂತೆ" ಅಂದಳು. ಒಳಗೆ ಮಾವಶಿ ಕೆಮ್ಮಿದ್ದು ಕೇಳಿಸಿತು. ನಾನು ಅದಕ್ಕೆ ಬಂದಿಲ್ಲ ಅಂತ ಹೇಳಲು ಹೊರಟರೆ ಸೆಪ್ಟೆಂಬರ್‌ನಲ್ಲಿ ಅಷ್ಟು ಚುರುಕಾಗಿದ್ದ ನಾಲಿಗೆ ಏಳಲೇ ಇಲ್ಲ. ಡಬ್ಬಿ ಜಗಲಿ ಮೇಲಿಟ್ಟು ಬಂದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ನೀನು ಫೇಸ್‌ಬುಕ್‌ಗೇ ಹಾಕಿದೆಯಲ್ಲ ಅಂತ ಯಾರಾದರೂ ಕೇಳುತ್ತೀರಿ. ಕೇಳಿ. ಆದರೆ ನಾನು ಇನ್ನೂ ಏನೂ ಕೊಟ್ಟಿಲ್ಲ. ಅಂಗಡಿ ತುಂಬ ಜನರ ಮುಂದೆ ಆಡಿದ ಮಾತಿಗೆ ಜನರ ಮುಂದೆಯೇ ತಪ್ಪಾಯಿತು ಅನ್ನಬೇಕು ಅನ್ನಿಸಿತು.

ನಿನ್ನೆ ಸಂಜೆ ಮಾವಶಿಯ ಮೊಮ್ಮಗ ಅಂಗಡಿಗೆ ಬಂದಿದ್ದ. ತೊಳೆದ ಕೇಕಿನ ಡಬ್ಬಿ ಕೌಂಟರ್ ಮೇಲಿಟ್ಟ. ಹತ್ತು ರೂಪಾಯಿಯ ಬಿಸ್ಕತ್ತು ಕೇಳಿದ. ಕೊಟ್ಟು, ದುಡ್ಡು ಇರಲಿ ಬಿಡು ಅಂದೆ. ಅವನು ಕೇಳಲಿಲ್ಲ, ನಾಣ್ಯ ಡಬ್ಬಿಯ ಮುಚ್ಚಳದ ಮೇಲಿಟ್ಟು ಓಡಿದ. ಹಿಂದಿನ ಓಣಿಯಿಂದಲ್ಲ, ರಸ್ತೆಯಿಂದಲೇ.